ಉಲ್ಲೇಖ ಸಾವಿರಾರು, ಮದ್ದು ಎಲ್ಲಿ?

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಸೆಪ್ಟೆಂಬರ್ ತಿಂಗಳ ಸುಮಾರಿಗೆ, ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಒಂದೇ ಮಾದರಿಯ ಸುದ್ದಿ ಸಾಲುಸಾಲಾಗಿ ಬರತೊಡಗುತ್ತದೆ. ಇಂತಹ ಕಾಲೇಜಿನ ಇಂತಹ ಪ್ರಾಧ್ಯಾಪಕರು ಜಗತ್ತಿನ ಅಗ್ರ ಶೇ. 2 ವಿಜ್ಞಾನಿಗಳ ಪಟ್ಟಿಯಲ್ಲಿ ಸ್ಥಾನ ಪಡೆದರು ಎಂಬ ಒಕ್ಕಣೆ, ಶಾಲು ಹೊದಿಸಿದ ಚಿತ್ರ, ಆಡಳಿತ ಮಂಡಳಿಯ ಅಭಿನಂದನೆ. ಊರಿನವರೊಬ್ಬರು ಹೆಸರು ಪಡೆದರೆ ಸಂತೋಷಪಡುವುದು ಸಹಜವೇ. ಆದರೆ ಈ ಪಟ್ಟಿ ಅಳೆಯುವುದು ಏನನ್ನು ಎಂದು ಕೇಳಿದರೆ ಅಭಿನಂದಿಸಿದವರಲ್ಲಿ ಹೆಚ್ಚಿನವರಿಗೆ ಉತ್ತರ ತೋಚಲಾರದು.

ಅದು ಅಳೆಯುವುದು ಉಲ್ಲೇಖವನ್ನು. ಒಬ್ಬ ವಿಜ್ಞಾನಿ ಬರೆದ ಪ್ರಬಂಧವನ್ನು ಬೇರೆ ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಎಷ್ಟು ಬಾರಿ ಹೆಸರಿಸಿದ್ದಾರೆ ಎಂಬ ಎಣಿಕೆ. ಅಮೆರಿಕದ ಯೂಜಿನ್ ಗಾರ್ಫೀಲ್ಡ್ 1964ರಲ್ಲಿ ಇಂತಹ ಎಣಿಕೆಯ ಸೂಚಿಯನ್ನು ಹೊರತಂದದ್ದು ಗ್ರಂಥಾಲಯದ ಅನುಕೂಲಕ್ಕಾಗಿ. ಒಂದು ವಿಷಯದ ಮೇಲೆ ಯಾರು ಯಾರು ಬರೆದಿದ್ದಾರೆ ಎಂದು ಹುಡುಕಲು ಅದು ಒಳ್ಳೆಯ ಸಾಧನ. 2005ರಲ್ಲಿ ಹರ್ಷ್ ಎಂಬ ಭೌತವಿಜ್ಞಾನಿ ಅದನ್ನು ಮನುಷ್ಯರನ್ನು ತೂಗುವ ತಕ್ಕಡಿಯಾಗಿ ಮಾಡಿದರು. ಕನಿಷ್ಠ 20 ಬಾರಿ ಉಲ್ಲೇಖಗೊಂಡ 20 ಪ್ರಬಂಧಗಳಿದ್ದರೆ ಆ ವಿಜ್ಞಾನಿಯ ಎಚ್-ಸೂಚ್ಯಂಕ 20. ಈಗ ನೇಮಕ, ಬಡ್ತಿ, ಅನುದಾನ ಎಲ್ಲದಕ್ಕೂ ಈ ಅಂಕಿ ಕೇಳುವವರಿದ್ದಾರೆ. ಶೇ. 2ರ ಪಟ್ಟಿಯನ್ನು ತಯಾರಿಸುವವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಅಯೊನಿಡಿಸ್ ಮತ್ತು ಸಂಗಡಿಗರು. ಪ್ರಕಟವಾಗುವ ಸಂಶೋಧನೆಗಳಲ್ಲಿ ಬಹುಪಾಲು ಸುಳ್ಳಾಗಿರುವ ಸಂಭವವೇ ಹೆಚ್ಚು ಎಂದು 2005ರಲ್ಲಿ ಬರೆದು ವಿದ್ವತ್ ವಲಯವನ್ನು ಕಂಗೆಡಿಸಿದವರೂ ಇದೇ ಅಯೊನಿಡಿಸ್ ಎಂಬುದು ಶಾಲು ಹೊದಿಸುವವರಿಗೆ ಗೊತ್ತಿದ್ದಂತಿಲ್ಲ.

ಈ ಎಣಿಕೆಯ ಬೆಲೆಯೆಷ್ಟು ಎಂದು ತಿಳಿಯಲು ಹೊರಟರೆ ಮಹಾರಾಷ್ಟ್ರದ ಸಾಂಗ್ಲಿಯ ಪೇಟೆಯಷ್ಟು ಅನುಕೂಲವಾದ ಸ್ಥಳ ಬೇರೆ ಇಲ್ಲ. ಪ್ರಬಂಧಗಳ ಲೆಕ್ಕ ಅಲ್ಲಿ ನಡೆಯುವುದಿಲ್ಲ, ನಡೆಯುವುದು ಅರಶಿನದ ಲೆಕ್ಕ. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಮೆದುಳು, ನರ, ಕ್ಯಾನ್ಸರ್ ಎಂದು ಜಗತ್ತಿನಲ್ಲಿ ಅತಿ ಹೆಚ್ಚು ಪ್ರಬಂಧಗಳಿಗೆ ವಸ್ತುವಾದ ಗಿಡಮೂಲಿಕೆಗಳಲ್ಲಿ ಅರಶಿನವೂ ಒಂದು.

ಕೃಷ್ಣೆಯ ದಡದ ಪೇಟೆ

ಸಾಂಗ್ಲಿ ಮತ್ತು ಮೀರಜ್ ಸುಮಾರು ಹತ್ತು ಕಿಲೋಮೀಟರ್ ಅಂತರದ ಜೋಡಿ ನಗರಗಳು. ಸಾಂಗ್ಲಿ ಅರಶಿನಕ್ಕೆ, ಮೀರಜ್ ಆಸ್ಪತ್ರೆಗೆ ಎಂದು ಗಡಿಯ ಕನ್ನಡಿಗರು ಹಂಚಿಕೊಟ್ಟುಬಿಟ್ಟಿದ್ದಾರೆ. ಚಿಕ್ಕೋಡಿ, ರಾಯಬಾಗ, ಅಥಣಿ, ಗೋಕಾಕ ಕಡೆಯ ರೈತ ಅರಶಿನ ಅಗೆದು, ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಕೊಟ್ಟು ಚೀಲ ತುಂಬಿ ಒಯ್ಯುವುದು ಸಾಂಗ್ಲಿಗೆ. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಜೋರಾದರೆ ಹೋಗುವುದು ಮೀರಜ್‌ಗೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಕನ್ನಡ ಮನೆಮಾತಾಗಿರುವ ಊರುಗಳು ಹಲವು. ಬೇರೆ ಭಾಷೆಯ ಜಿಲ್ಲೆಯಲ್ಲಿ ಕನ್ನಡದಲ್ಲಿ ಬದುಕುವುದೆಂದರೇನು ಎಂದು ಕಾಸರಗೋಡಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಸಾಂಗ್ಲಿಯ ಪಕ್ಕದ ಹರಿಪುರದಲ್ಲಿ ಅರಶಿನವನ್ನು ನೆಲದೊಳಗಿನ ಹಗೇವುಗಳಲ್ಲಿ, ಅಲ್ಲಿಯವರ ಮಾತಿನಲ್ಲಿ ಪೇವುಗಳಲ್ಲಿ, ಹುಳ ಮುಟ್ಟದಂತೆ ವರ್ಷಗಟ್ಟಲೆ ಕಾಪಿಡುವ ಪದ್ಧತಿ ಇತ್ತು. 2005ರ ಕೃಷ್ಣಾ ಪ್ರವಾಹ ಅವುಗಳಲ್ಲಿ ಅನೇಕವನ್ನು ಹಾಳುಮಾಡಿತು. 2018ರಲ್ಲಿ ಸಾಂಗ್ಲಿಯ ಅರಶಿನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರಕಿತು. ಮೀರಜ್ ತಾಲೂಕಿನ ಕಸಬೆ ಡಿಗ್ರಜ್‌ನಲ್ಲಿರುವ ಕೃಷಿ ಸಂಶೋಧನ ಕೇಂದ್ರ 'ಫುಲೆ ಸ್ವರೂಪ' ಎಂಬ ತಳಿಯನ್ನು ಕೊಟ್ಟಿದೆ. ಈ ತಳಿಯ ಬಗ್ಗೆ ಬರೆದ ಪ್ರಬಂಧಗಳನ್ನು ಯಾವ ನರವಿಜ್ಞಾನಿಯೂ ಉಲ್ಲೇಖಿಸುವುದಿಲ್ಲ. ರೈತ ಅದರ ಗಡ್ಡೆಯನ್ನು ಬಿತ್ತನೆಗೆ ಇಟ್ಟುಕೊಳ್ಳುತ್ತಾನೆ, ಅಷ್ಟೆ.

ಹಳದಿಯೊಳಗಿನ ವಸ್ತು

ಅರಶಿನದ ಹಳದಿಗೆ ಕಾರಣವಾದ ವಸ್ತು ಕರ್ಕ್ಯುಮಿನ್. 1815ರಲ್ಲೇ ಅದನ್ನು ಬೇರ್ಪಡಿಸಿದ್ದರು. 1910ರಲ್ಲಿ ಅದರ ರಾಸಾಯನಿಕ ರಚನೆ ತಿಳಿಯಿತು. ಬಾವನ್ನು ಇಳಿಸುವ ಅದರ ಗುಣದ ಬಗ್ಗೆ 1973ರಲ್ಲಿ ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದಿಂದ ಶ್ರೀಮಲ್ ಮತ್ತು ಧವನ್ ಪ್ರಬಂಧ ಪ್ರಕಟಿಸಿದರು. 1985ರಲ್ಲಿ ತೃಶ್ಶೂರಿನ ಅಮಲ ಕ್ಯಾನ್ಸರ್ ಆಸ್ಪತ್ರೆಯ ಸಂಶೋಧಕರು ಅರಶಿನದ ಕ್ಯಾನ್ಸರ್ ನಿರೋಧಕ ಗುಣದ ಸಾಧ್ಯತೆಯನ್ನು ಎತ್ತಿದರು. ಅಲ್ಲಿಯವರೆಗೆ ಇದು ಸಣ್ಣ ತೊರೆ. ತೊಂಬತ್ತರ ದಶಕದ ನಂತರ ಅದು ಹೊಳೆಯಾಯಿತು, ಹೊಸ ಶತಮಾನದಲ್ಲಿ ಪ್ರವಾಹವಾಯಿತು.

ಪ್ರವಾಹದ ನಡುವೆ ಎದ್ದು ಕಾಣುವ ಹೆಸರು ಭರತ್ ಅಗರ್ವಾಲ್. ಪಂಜಾಬಿನಲ್ಲಿ ಹುಟ್ಟಿ, ಅಮೆರಿಕದ ಹ್ಯೂಸ್ಟನ್ ನಗರದ ಎಂ. ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದಲ್ಲಿ ಬಹುಕಾಲ ಕೆಲಸ ಮಾಡಿದ ಇವರು ಕರ್ಕ್ಯುಮಿನ್ ಮೇಲೆ ನೂರಾರು ಪ್ರಬಂಧಗಳಿಗೆ ಹೆಸರು ಹಾಕಿದರು. ಕ್ಯಾನ್ಸರ್, ಸಂಧಿವಾತ, ಮಧುಮೇಹ, ಅಲ್ಝೈಮರ್ ಎಂಬ ಮರೆವಿನ ರೋಗ, ಯಾವುದಕ್ಕೆ ನೋಡಿದರೂ ಅಲ್ಲಿ ಕರ್ಕ್ಯುಮಿನ್. ಜಗತ್ತಿನಲ್ಲಿ ಅತ್ಯಧಿಕವಾಗಿ ಉಲ್ಲೇಖಗೊಳ್ಳುವ ವಿಜ್ಞಾನಿಗಳ ಪಟ್ಟಿಗಳಲ್ಲಿ ಅವರ ಹೆಸರು ಬಂತು. ಎಚ್-ಸೂಚ್ಯಂಕದಿಂದಲೇ ಮನುಷ್ಯನನ್ನು ಅಳೆಯುವುದಾದರೆ ಅವರು ಗಿರಿಶಿಖರ.

ಮುಂದೆ ನಡೆದದ್ದು ಬೇರೆ. ಪ್ರಬಂಧಗಳಲ್ಲಿ ಅಚ್ಚಾದ ಚಿತ್ರಗಳ ಬಗ್ಗೆ ಸಂದೇಹಗಳು ಎದ್ದವು; ಸಂಸ್ಥೆಯು ವಿಚಾರಣೆ ನಡೆಸಿತು. 2018ರ ಆರಂಭದಲ್ಲಿ ಒಂದೇ ಪತ್ರಿಕೆ ಏಳು ಪ್ರಬಂಧಗಳನ್ನು ಒಟ್ಟಿಗೆ ಹಿಂದೆಗೆದುಕೊಂಡಿತು. ಅವುಗಳಲ್ಲಿನ ಮಾಹಿತಿಯ ಪ್ರಾಮಾಣ್ಯ ಪ್ರಶ್ನಾರ್ಹವಾಗಿದೆ ಎಂಬುದೇ ಕಾರಣ. ಈಗ ಅವರ ಹೆಸರಿರುವ, ಹಿಂದೆಗೆದುಕೊಳ್ಳಲಾದ ಪ್ರಬಂಧಗಳ ಸಂಖ್ಯೆ ಸುಮಾರು 30. ಹಿಂದೆಗೆದುಕೊಳ್ಳುವುದೆಂದರೆ ಅಚ್ಚಾದದ್ದನ್ನು ಅಳಿಸುವುದಲ್ಲ. ಇದನ್ನು ಇನ್ನು ನಂಬಬೇಡಿ ಎಂದು ಮೇಲೆ ಮುದ್ರೆ ಒತ್ತುವುದು. ಮುದ್ರೆ ಬಿದ್ದ ನಂತರವೂ ಆ ಪ್ರಬಂಧಗಳನ್ನು ಆಧಾರವೆಂದು ಹೇಳುವವರು ಇದ್ದಾರೆ, ಏಕೆಂದರೆ ಆಕರಗಳ ಪಟ್ಟಿಯನ್ನು ಬಹಳ ಮಂದಿ ಮೂಲವನ್ನು ಓದದೆ ಇನ್ನೊಬ್ಬರಿಂದ ಎತ್ತಿಕೊಳ್ಳುತ್ತಾರೆ. ಇದಲ್ಲದೆ ಒಂದು ಪ್ರಬಂಧವನ್ನು ತಪ್ಪೆಂದು ಖಂಡಿಸಲು ಹೆಸರಿಸಿದರೂ ಅದು ಉಲ್ಲೇಖವೇ. ಹೊಗಳಿದರೂ ಒಂದು, ಬೈದರೂ ಒಂದು.

ಒಬ್ಬರನ್ನು ದೂರಿ ಮುಗಿಸುವ ವಿಷಯ ಇದಲ್ಲ. ಯಾವ ಮೋಸವೂ ಇಲ್ಲದ ಪ್ರಯೋಗಾಲಯಗಳೂ ಕರ್ಕ್ಯುಮಿನ್ ಬಗ್ಗೆ ದಾರಿ ತಪ್ಪಿವೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಕ್ಯಾಥರಿನ್ ನೆಲ್ಸನ್, ಮೈಕೆಲ್ ವಾಲ್ಟರ್ಸ್ ಮತ್ತಿತರರು 2017ರಲ್ಲಿ ಬರೆದ ಸುದೀರ್ಘ ವಿಮರ್ಶೆ ಇದರ ಕಾರಣವನ್ನು ಬಿಡಿಸಿ ತೋರಿಸಿತು. ಪ್ರಯೋಗಾಲಯದ ಅನೇಕ ಪರೀಕ್ಷೆಗಳಲ್ಲಿ ಮದ್ದು ತಾಗಿತೋ ಇಲ್ಲವೋ ಎಂದು ನೋಡುವುದು ಬಣ್ಣ ಅಥವಾ ಹೊಳಪು ಬದಲಾಯಿತೇ ಎಂಬುದರಿಂದ. ಕರ್ಕ್ಯುಮಿನ್ ಸ್ವತಃ ಬಣ್ಣ, ಸ್ವತಃ ಹೊಳೆಯುವ ವಸ್ತು. ಮದುವೆ ಮನೆಯಲ್ಲಿ ಅರಶಿನ ಮುಟ್ಟಿದ ಕೈ ಎಲ್ಲೆಲ್ಲಿ ತಾಗಿತೋ ಅಲ್ಲೆಲ್ಲ ಹಳದಿಯಾಗುವಂತೆ ಅದು ಯಾವ ಪರೀಕ್ಷೆಯಲ್ಲೂ 'ಹೌದು' ಎಂಬ ಗುರುತು ಬಿಡುತ್ತದೆ. ಸಾಲದ್ದಕ್ಕೆ ಅದು ನೀರಿನಲ್ಲಿ ಬೇಗ ಒಡೆಯುತ್ತದೆ, ಕರುಳಿನಿಂದ ರಕ್ತಕ್ಕೆ ಹೀರಿಕೊಳ್ಳುವುದು ಅತ್ಯಲ್ಪ. 120ಕ್ಕಿಂತ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ, ಮದ್ದು ಯಾರಿಗೆ, ಹುಸಿಗುಳಿಗೆ ಯಾರಿಗೆ ಎಂಬುದು ರೋಗಿಗೂ ವೈದ್ಯನಿಗೂ ಗೊತ್ತಿಲ್ಲದಂತೆ ನಡೆಸಿದ ಪರೀಕ್ಷೆಗಳಲ್ಲಿ ಒಂದೂ ಯಶಸ್ವಿಯಾಗಿಲ್ಲ ಎಂದು ಅವರು ಅಂದು ಬರೆದರು. ಆ ತೀರ್ಮಾನವನ್ನು ಒಪ್ಪದವರಿದ್ದಾರೆ. ಸಂಧಿನೋವಿನಂತಹ ವಿಷಯದಲ್ಲಿ ಕೆಲವು ಸಣ್ಣ ಪರೀಕ್ಷೆಗಳು ಒಳಿತನ್ನು ತೋರಿಸಿವೆ. ಆದರೂ ಪ್ರಬಂಧಗಳ ರಾಶಿಗೂ ಕೈಗೆ ಬಂದ ಮದ್ದಿಗೂ ಇರುವ ಅಂತರ ಕಣ್ಣಿಗೆ ರಾಚುತ್ತದೆ.

ಮರೆವಿನ ರೋಗದ ಕತೆ

ನರವಿಜ್ಞಾನದಲ್ಲಿ ಈ ಅಂತರ ಬೆಳೆದ ಬಗೆಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡಬಹುದು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತೀಯ ಮತ್ತು ಅಮೆರಿಕನ್ ಸಂಶೋಧಕರು ಕೂಡಿ ವೃದ್ಧರ ಸಮೀಕ್ಷೆ ನಡೆಸಿದರು. ಅಲ್ಝೈಮರ್ ರೋಗ ಹೊಸದಾಗಿ ತಗಲುವ ಪ್ರಮಾಣ ಅಲ್ಲಿ, ಅದುವರೆಗೆ ವರದಿಯಾದವುಗಳಲ್ಲೆಲ್ಲ ಅತ್ಯಂತ ಕಡಿಮೆಯಾದವುಗಳ ಸಾಲಿಗೆ ಸೇರುತ್ತದೆ ಎಂದು 2001ರಲ್ಲಿ ಅವರು ವರದಿ ಮಾಡಿದರು. ಜತೆಗೇ ಎಚ್ಚರಿಕೆಯನ್ನೂ ಕೊಟ್ಟರು. ಗಮನಿಸಿದ ಅವಧಿ ಚಿಕ್ಕದು, ಸಾಂಸ್ಕೃತಿಕ ಕಾರಣಗಳೂ ಇರಬಹುದು, ಅವಸರದ ತೀರ್ಮಾನ ಬೇಡ ಎಂದು. ಅಜ್ಜನಿಗೆ ಮರೆವು ಬಂದರೆ ಅದು ಪ್ರಾಯದ ಸಹಜ ಗುಣ ಎಂದು ಮನೆಯವರು ಭಾವಿಸುವುದು ನಮ್ಮಲ್ಲಿಯೂ ಉಂಟಷ್ಟೆ.

ಅದೇ 2001ರಲ್ಲಿ ಕ್ಯಾಲಿಫೋರ್ನಿಯದ ಪ್ರಯೋಗಾಲಯವೊಂದು ಕರ್ಕ್ಯುಮಿನ್ ತಿನ್ನಿಸಿದ ಇಲಿಗಳ ಮೆದುಳಿನಲ್ಲಿ ಈ ರೋಗದ ಗುರುತುಗಳು ಕಡಿಮೆಯಾದುವೆಂದು ಪ್ರಕಟಿಸಿತು. ಇವೆರಡನ್ನು ಸೇರಿಸಿ ಹೊಲಿದು ಒಂದು ಅಂಗಿ ಮಾಡಿದರು. ಭಾರತೀಯರು ಅರಶಿನ ತಿನ್ನುತ್ತಾರೆ, ಆದುದರಿಂದ ಅವರಿಗೆ ಮರೆವಿನ ರೋಗ ಕಡಿಮೆ! ಎಚ್ಚರಿಕೆಯ ವಾಕ್ಯ ಮಾತ್ರ ಹೊಲಿಗೆಯಲ್ಲಿ ಕಳೆದುಹೋಯಿತು. ಈ ಅಂಗಿ ಈಗಲೂ ಮಾತ್ರೆಯ ಜಾಹೀರಾತುಗಳಲ್ಲಿ ಕಾಣಸಿಗುತ್ತದೆ.

ರೋಗಿಗಳ ಮೇಲೆ ಪರೀಕ್ಷಿಸಿದಾಗ ಏನಾಯಿತು? 2008ರಲ್ಲಿ ಹಾಂಗ್‌ಕಾಂಗ್‌ನಲ್ಲಿ 34 ರೋಗಿಗಳ ಮೇಲೆ ಆರು ತಿಂಗಳ ಪರೀಕ್ಷೆ ನಡೆಯಿತು, ಪ್ರಯೋಜನ ಕಾಣಲಿಲ್ಲ. 2012ರಲ್ಲಿ ಅಮೆರಿಕದಲ್ಲಿ 36 ರೋಗಿಗಳ ಮೇಲೆ 24 ವಾರಗಳ ಪರೀಕ್ಷೆ, ಅಲ್ಲಿಯೂ ಇಲ್ಲ. 2018ರಲ್ಲಿ ರೋಗವಿಲ್ಲದ 40 ಮಂದಿಗೆ 18 ತಿಂಗಳು ಕೊಟ್ಟಾಗ ನೆನಪಿನ ಪರೀಕ್ಷೆಗಳಲ್ಲಿ ಸುಧಾರಣೆ ಕಂಡಿತೆಂದು ಒಂದು ವರದಿ ಬಂತು. ಆಶಾದಾಯಕ ನಿಜ, ಆದರೆ 40 ಮಂದಿ ಒಂದು ಬಸ್ಸಿನಷ್ಟು ಜನ. ಇತ್ತ ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಮರೆವಿನ ರೋಗ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜು. ದಿನಕ್ಕೆರಡು ಬಾರಿ ಸಾಂಬಾರಿಗೆ ಅರಶಿನ ಹಾಕಿ ಉಂಡವರೇ ಇವರೆಲ್ಲ.

ಬೆಂಗಳೂರಿನ ಒಂದು ಪ್ರಬಂಧ

ಅತಿ ಹೆಚ್ಚು ಉಲ್ಲೇಖಗೊಂಡ ಅರಶಿನ ಪ್ರಬಂಧಗಳಲ್ಲಿ ಒಂದು ಹೊರಟದ್ದು ಬೆಂಗಳೂರಿನಿಂದ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧವಿಜ್ಞಾನ ವಿಭಾಗದ ಶೋಭಾ ಮತ್ತು ಸಂಗಡಿಗರು, ಒಳ್ಳೆಮೆಣಸಿನ ಖಾರದ ಸತ್ವವಾದ ಪೈಪರಿನ್ ಅನ್ನು ಕರ್ಕ್ಯುಮಿನ್ ಜತೆ ಕೊಟ್ಟರೆ ಮನುಷ್ಯರಲ್ಲಿ ಅದರ ಹೀರಿಕೆ ಶೇ. 2000ದಷ್ಟು ಹೆಚ್ಚುತ್ತದೆ ಎಂದು ತೋರಿಸಿದರು. ಸಾಂಗ್ಲಿಯ ಅರಶಿನಕ್ಕೆ ನಮ್ಮ ಮಲೆನಾಡಿನ ಒಳ್ಳೆಮೆಣಸು ಜೊತೆಯಾಯಿತು ಎಂದರೆ ತೋಟ ಉಳ್ಳವರಿಗೆ ಹಿತವೆನಿಸೀತು. ಸಾವಿರಾರು ಪ್ರಬಂಧಗಳು ಇದನ್ನು ಉಲ್ಲೇಖಿಸಿವೆ, ಜಗತ್ತಿನ ಲೆಕ್ಕವಿಲ್ಲದಷ್ಟು ಮಾತ್ರೆ ಡಬ್ಬಿಗಳ ಮೇಲೆ ಆ 2000 ಎಂಬ ಅಂಕಿ ಅಚ್ಚಾಗಿದೆ.

ಪ್ರಬಂಧವನ್ನು ತೆರೆದು ನೋಡಿದರೆ ಇನ್ನೊಂದು ಮಾತೂ ಅದರಲ್ಲಿದೆ. ಎರಡು ಗ್ರಾಂ ಕರ್ಕ್ಯುಮಿನ್ ಮಾತ್ರ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಅತ್ಯಲ್ಪ, ಅಥವಾ ಸಿಗಲೇ ಇಲ್ಲ. ಇಲ್ಲವೆನ್ನುವಷ್ಟು ಅಲ್ಪವಾದುದರ ಮೇಲೆ ಎರಡು ಸಾವಿರ ಶೇಕಡಾ ಹೆಚ್ಚಳ ಎಂದರೆ ಎಷ್ಟಾಯಿತು? ಡಬ್ಬಿಯ ಮೇಲೆ ಶೇಕಡಾವಾರು ಮಾತ್ರ ಹೋಯಿತು, ಮೊದಲ ಮೊತ್ತ ಪ್ರಬಂಧದಲ್ಲಿಯೇ ಉಳಿಯಿತು. ಬೆಂಗಳೂರಿನವರ ಕೆಲಸದಲ್ಲಿ ಇದರಿಂದ ಕುಂದೇನೂ ಬರುವುದಿಲ್ಲ. ಅವರು ಕಂಡದ್ದನ್ನು ಬರೆದರು. ಈ ಹೀರಿಕೆಯಿಂದ ಹೊಸ ತೊಂದರೆಯೂ ಬಂದಿದೆ. ಅರಶಿನದ ಮಾತ್ರೆಗಳಿಂದ ಯಕೃತ್ತು ಕೆಟ್ಟ 10 ಮಂದಿಯ ವಿವರವನ್ನು ಅಮೆರಿಕದ ವೈದ್ಯರು ಪ್ರಕಟಿಸಿದ್ದಾರೆ. ಅವರಲ್ಲಿ ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಪರೀಕ್ಷಿಸಿದ ಕೆಲವು ಮಾತ್ರೆಗಳಲ್ಲಿ ಪೈಪರಿನ್ ಕೂಡ ಇತ್ತು. ಅಡುಗೆಯ ಅರಶಿನಕ್ಕೆ ಹೆದರಬೇಕಾಗಿಲ್ಲ, ಮಾತು ಮಾತ್ರೆಯದ್ದು.

ಯಾರೂ ಎಣಿಸದ ಕೆಲಸ

ಹಾಗಾದರೆ ಅರಶಿನದ ಬಗ್ಗೆ ಮೆದುಳಿಗೆ ನಿಜವಾಗಿ ಉಪಕಾರ ಮಾಡಿದ ಸಂಶೋಧನೆ ಇಲ್ಲವೇ? ಇದೆ. ಅದು ಗುಣದ ಹುಡುಕಾಟವಲ್ಲ, ವಿಷದ ಹುಡುಕಾಟ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಗರ್ಭಿಣಿಯರ ರಕ್ತದಲ್ಲಿ ಸೀಸ ಏಕೆ ಹೆಚ್ಚು ಎಂದು ಸ್ಟ್ಯಾನ್‌ಫರ್ಡ್‌ನ ಜೆನ್ನಾ ಫೋರ್ಸಿತ್ ಮತ್ತು ಢಾಕಾದ ಸಂಶೋಧಕರು ಬೆನ್ನುಹತ್ತಿ ಹೋದರು. ಸಿಕ್ಕಿದ್ದು ಅರಶಿನ. ಕೊಂಬುಗಳನ್ನು ಉಜ್ಜಿ ಹೊಳಪು ಕೊಡುವ ಹಂತದಲ್ಲಿ ಬಣ್ಣ ಏರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಪುಡಿಯನ್ನು ಬೆರೆಸುತ್ತಿದ್ದರು. ಹಿಂದೆ ಪ್ರವಾಹದಲ್ಲಿ ನೆನೆದು ಬಣ್ಣಗೆಟ್ಟ ಅರಶಿನವನ್ನು ಮಾರಲು ಶುರುವಾದ ಉಪಾಯ, ಎಂಬತ್ತರ ದಶಕದಿಂದ ರೂಢಿಯಾಗಿ ಉಳಿದಿತ್ತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಹೋದ ಬುದ್ಧಿಶಕ್ತಿ ಮರಳಿ ಬರುವುದಿಲ್ಲ. 2019ರಲ್ಲಿ ಈ ವರದಿ ಬಂದ ಮೇಲೆ ಅಲ್ಲಿಯ ಆಹಾರ ಸುರಕ್ಷಾ ಪ್ರಾಧಿಕಾರ ಪೇಟೆಗಳಲ್ಲಿ ನೋಟೀಸು ಹಂಚಿತು, ದಾಳಿ ನಡೆಸಿತು, ದಂಡ ಹಾಕಿತು. 2019ರಲ್ಲಿ ಪೇಟೆಯ ಅರಶಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಕಂಡಿತ್ತು, 2021ರಲ್ಲಿ ಸೊನ್ನೆ. ಅರಶಿನ ಕಾರ್ಖಾನೆಯ ಕೆಲಸಗಾರರ ರಕ್ತದಲ್ಲಿಯೂ ಸೀಸ ಇಳಿಯಿತು.

ಕರ್ಕ್ಯುಮಿನ್ ಪ್ರಬಂಧಗಳ ರಾಶಿಯ ಪಕ್ಕದಲ್ಲಿ ಈ ಒಂದೆರಡು ಪ್ರಬಂಧಗಳ ಉಲ್ಲೇಖ ಸಂಖ್ಯೆ ಏನೇನೂ ಅಲ್ಲ. ಆದರೆ ಎಷ್ಟು ಮಕ್ಕಳ ಮೆದುಳು ಉಳಿಯಿತು ಎಂಬ ಲೆಕ್ಕದಲ್ಲಿ ಅವುಗಳ ಹತ್ತಿರ ನಿಲ್ಲುವಂಥದ್ದು ಆ ರಾಶಿಯಲ್ಲಿ ಇಲ್ಲ.

ಈ ಮಾತು ನಮ್ಮ ಜಿಲ್ಲೆಗೆ ಹೊಸದಲ್ಲ. ಸರಕಾರಿ ಗೇರು ತೋಟಗಳಲ್ಲಿ ಎರಡು ದಶಕಕ್ಕೂ ಮಿಕ್ಕಿ ಆಕಾಶದಿಂದ ಎಂಡೋಸಲ್ಫಾನ್ ಸುರಿಯಿತು. ಅದೂ ನರಮಂಡಲಕ್ಕೆ ತಾಗುವ ವಿಷವೇ. ಎಣ್ಮಕಜೆಯ ಪಡ್ರೆಯಲ್ಲಿ ತನ್ನ ಚಿಕಿತ್ಸಾಲಯಕ್ಕೆ ಬರುವವರ ಕಾಯಿಲೆಗಳಲ್ಲಿ ಏನೋ ಅಸಹಜತೆ ಇದೆ ಎಂದು ಮೊದಲು ಕಂಡುಕೊಂಡವರು ಹಳ್ಳಿಯ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್. ಪೆರಿಯದ ಲೀಲಾಕುಮಾರಿ ಅಮ್ಮ ಮುನ್ಸಿಫ್ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಅಧ್ಯಯನ ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾದದ್ದು 2003ರಲ್ಲಿ, ಸಿಂಪಡಣೆ ನಿಂತ ಮೇಲೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲಿಯೇ ನಿಷೇಧಿಸಿತು. ಈ ಪೈಕಿ ಆ ಹಳ್ಳಿಯ ವೈದ್ಯರ ಎಚ್-ಸೂಚ್ಯಂಕ ಎಷ್ಟೆಂದು ಯಾರಾದರೂ ಕೇಳಿದ್ದುಂಟೇ?

ಉಲ್ಲೇಖ ಕಡಿಮೆ ಇದ್ದ ಪ್ರಬಂಧವೂ ಸಮಯಕ್ಕೆ ಒದಗುತ್ತದೆ ಎಂಬುದಕ್ಕೆ ಅರಶಿನದ್ದೇ ಇನ್ನೊಂದು ನಿದರ್ಶನವಿದೆ. 1995ರಲ್ಲಿ ಅರಶಿನದಿಂದ ಗಾಯ ಮಾಯಿಸುವ ವಿಧಾನಕ್ಕೆ ಮಿಸಿಸಿಪಿ ವಿಶ್ವವಿದ್ಯಾಲಯದ ಇಬ್ಬರಿಗೆ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಮಾಶೇಲ್ಕರ್ ನೇತೃತ್ವದ ಸಿ.ಎಸ್.ಐ.ಆರ್. ಅದನ್ನು ಪ್ರಶ್ನಿಸಿ, ಇದು ಹಳೆಯ ತಿಳಿವಳಿಕೆ ಎಂದು ತೋರಿಸಲು 32 ಆಧಾರಗಳನ್ನು ಒದಗಿಸಿತು. ಅವುಗಳಲ್ಲಿ ಭಾರತೀಯ ವೈದ್ಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಬಂದ ಒಂದು ಲೇಖನವೂ ಇತ್ತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಅಜ್ಜಿಗೆ ಗೊತ್ತಿದ್ದರೆ ಸಾಲದು, ಅಚ್ಚಾಗಿರಬೇಕು ಎಂಬುದು ಆಗ ಅಮೆರಿಕದ ಪೇಟೆಂಟ್ ಕಚೇರಿಯ ನಿಯಮವಾಗಿತ್ತು.

ಮೀರಜ್‌ನ ವೈದ್ಯರು

ಸಾಂಗ್ಲಿಯ ಜೋಡಿಯೂರಾದ ಮೀರಜ್‌ಗೆ ಆಸ್ಪತ್ರೆಗಳ ಊರೆಂಬ ಹೆಸರು ಬಂದದ್ದು 1894ರಲ್ಲಿ ಅಲ್ಲಿ ಮಿಶನ್ ಆಸ್ಪತ್ರೆ ತೆರೆದ ವಿಲಿಯಂ ವಾನ್‌ಲೆಸ್ ಅವರಿಂದ. ಕಣ್ಣಿನ ಪೊರೆಯಿಂದ ಹಿಡಿದು ಹೊಟ್ಟೆಯ ಗಡ್ಡೆಯವರೆಗೆ ಶಸ್ತ್ರಚಿಕಿತ್ಸೆಗಾಗಿ ಕೃಷ್ಣೆಯ ಆಚೀಚೆಯ ಹಳ್ಳಿಗಳ ಜನ ಗಾಡಿ ಕಟ್ಟಿಕೊಂಡು ಬಂದರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಮೀರಜ್‌ನಲ್ಲಿ ಸ್ಥಾಪನೆಯಾಯಿತು. ಇಂದು ಅಲ್ಲಿ ಮಾತ್ರವಲ್ಲ, ದೇಶದ ಯಾವುದೇ ವೈದ್ಯಕೀಯ ಕಾಲೇಜಿನ ಅಧ್ಯಾಪಕರಾದರೂ ಪ್ರಬಂಧದ ಚಿಂತೆಯಿಂದ ಮುಕ್ತರಲ್ಲ. ಬಡ್ತಿಗೆ ಇಂತಿಷ್ಟು ಪ್ರಬಂಧ ಎಂಬ ನಿಯಮ ಮೆಡಿಕಲ್ ಕೌನ್ಸಿಲ್ ಇದ್ದ ಕಾಲದಲ್ಲೇ ಬಂತು. ಬೆಳಿಗ್ಗೆ ಹೊರರೋಗಿಗಳು, ಮಧ್ಯಾಹ್ನ ಪಾಠ, ರಾತ್ರಿ ವಾರ್ಡು. ಇದರ ನಡುವೆ ಬರೆಯುವ ಪ್ರಬಂಧ ಎಂತಹದ್ದಾದೀತು? ಹಣ ಕೊಟ್ಟರೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿಕೊಂಡದ್ದು ಇಂತಹ ಬೇಡಿಕೆಗಾಗಿ. ಬಡ್ತಿಗೆ ಎಣಿಕೆ ಬೇಕೆಂದರೆ ಎಣಿಕೆಯೇ ಉತ್ಪಾದನೆಯಾಗುತ್ತದೆ, ಗೇರುಬೀಜವನ್ನು ತೂಕಕ್ಕೆ ಮಾರುವಾಗ ಕಲ್ಲು ಸೇರುವಂತೆ.

ಸರಕಾರಕ್ಕೆ ಇದು ಗೊತ್ತಿಲ್ಲದೆ ಇಲ್ಲ. ಉನ್ನತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಶ್ರೇಯಾಂಕದಲ್ಲಿ, ಹಿಂದೆಗೆದುಕೊಂಡ ಪ್ರಬಂಧಗಳಿಗೆ ಅಂಕ ಕಳೆಯುವ ಕ್ರಮವನ್ನು 2025ರಲ್ಲಿ ತರಲಾಯಿತು. ಸ್ಟ್ಯಾನ್‌ಫರ್ಡ್‌ನವರೂ ತಮ್ಮ ಪಟ್ಟಿಯಲ್ಲಿ ಯಾರ ಪ್ರಬಂಧ ಹಿಂದೆಗೆಯಲ್ಪಟ್ಟಿದೆ ಎಂದು ಗುರುತು ಹಾಕತೊಡಗಿದ್ದಾರೆ. ಒಳ್ಳೆಯ ಹೆಜ್ಜೆಗಳೇ. ಆದರೂ ಇವು ಎಣಿಕೆಯನ್ನು ತಿದ್ದುವ ಎಣಿಕೆಗಳು. ಪ್ರಬಂಧವನ್ನು ಓದಿ ತೂಗುವ ಕೆಲಸ ಯಾವ ಸಮಿತಿಯ ಪಾಲಿಗೆ ಎಂಬುದು ಅಲ್ಲಿಯೂ ಹೇಳಿಲ್ಲ.

ಕೇಂದ್ರ ಸರಕಾರ 2025ರ ಜನವರಿಯಲ್ಲಿ ನಿಜಾಮಾಬಾದಿನಲ್ಲಿ ರಾಷ್ಟ್ರೀಯ ಅರಶಿನ ಮಂಡಳಿಯನ್ನು ಉದ್ಘಾಟಿಸಿದೆ. ಜಗತ್ತಿನ ಅರಶಿನದಲ್ಲಿ ಶೇ. 70ಕ್ಕೂ ಹೆಚ್ಚು ಬೆಳೆಯುವ ದೇಶಕ್ಕೆ ಮಂಡಳಿ ಬೇಕಾದದ್ದೇ. ಸಂಶೋಧನೆಗೆ ಪ್ರೋತ್ಸಾಹ ಕೊಡುವುದೂ ಅದರ ಉದ್ದೇಶಗಳಲ್ಲಿ ಸೇರಿದೆ. ಕರ್ಕ್ಯುಮಿನ್ ಇಲಿಗೆ ತಿನ್ನಿಸುವ ಇನ್ನೊಂದು ನೂರು ಪ್ರಬಂಧಗಳಿಗೆ ಹಣ ಹೋಗುವುದೋ, ಪೇಟೆಯ ಅರಶಿನದಲ್ಲಿ ಸೀಸ ಇದೆಯೇ ಎಂದು ನೋಡುವ ಕೆಲಸಕ್ಕೆ ಹೋಗುವುದೋ ಎಂಬುದನ್ನು ಕಾದು ನೋಡಬೇಕು. ಭಾರತ, ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ 23 ನಗರಗಳ ಅರಶಿನ ಪರೀಕ್ಷಿಸಿದ 2024ರ ವರದಿಯಲ್ಲಿ ಪಾಟ್ನಾದ ಮಾದರಿಗಳಲ್ಲಿ ಒಂದು ಗ್ರಾಮಿಗೆ 1000 ಮೈಕ್ರೋಗ್ರಾಮ್ ಮೀರಿದ ಸೀಸ ಕಂಡಿತ್ತು; ನಮ್ಮ ಆಹಾರ ನಿಯಮದ ಮಿತಿ ಕೇವಲ 10. ಸಾಂಗ್ಲಿಯ ಮೇಲೆ ಅಂತಹ ಆಪಾದನೆ ಇಲ್ಲ, ಅದು ಸಮಾಧಾನದ ವಿಷಯ. ಕೈಯಲ್ಲಿ ಹಿಡಿದು ಅರಶಿನದ ಕೊಂಬಿಗೆ ತಾಗಿಸಿದರೆ ಕೆಲವೇ ನಿಮಿಷಗಳಲ್ಲಿ ಸೀಸದ ಪ್ರಮಾಣ ಹೇಳುವ ಯಂತ್ರ ಈಗ ಇದೆ, ಬಾಂಗ್ಲಾದೇಶದ ಅಧಿಕಾರಿಗಳು ಪೇಟೆಗೆ ಒಯ್ದದ್ದು ಅದನ್ನೇ. ಸಾಂಗ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ತಕ್ಕಡಿಯ ಪಕ್ಕ ಅಂತಹದ್ದೊಂದನ್ನು ಇಟ್ಟರೆ ಅಥಣಿಯ ರೈತನ ಚೀಲ ಶುದ್ಧವೆಂದು ಅವನ ಎದುರಿನಲ್ಲೇ ಬರೆದುಕೊಡಬಹುದು.